ಚಿಗರಿ, ಹೊಲ ಮತ್ತು ಕಾವಲಿನ ಕಣ್ಣು



ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಅಲ್ಲಿಯ ಹಳ್ಳಿಗಾಡಿನ ಒಂದು ವಸ್ತು ಪರಿಚಿತವಿರಬಹುದು. ಮೆಕ್ಕೆಜೋಳದ ಹೊಲದ ಅಂಚಿನಲ್ಲಿರುವ ಮರಕ್ಕೆ, ಅಂಗೈಗಿಂತ ತುಸು ದೊಡ್ಡದಾದ, ತೊಗಟೆಯ ಬಣ್ಣದ ಪೆಟ್ಟಿಗೆಯೊಂದನ್ನು ಪಟ್ಟಿಯಿಂದ ಬಿಗಿದಿರುತ್ತಾರೆ. ಅದು ಟ್ರೇಲ್ ಕ್ಯಾಮೆರಾ. ಅದರ ಮುಂದೆ ಹಾದುಹೋಗುವ ಪ್ರಾಣಿಯ ಚಿತ್ರವನ್ನು ಅದು ತಾನಾಗಿಯೇ ತೆಗೆಯುತ್ತದೆ. ಜಿಂಕೆ ಯಾವ ದಾರಿಯಿಂದ ಮೇವಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಅದರ ಕೊಂಬು ಎಷ್ಟು ಕವಲೊಡೆದಿದೆ ಎಂಬುದನ್ನೆಲ್ಲ ಬೇಟೆಯ ಋತು ಆರಂಭವಾಗುವ ಮುನ್ನವೇ ಬೇಟೆಗಾರನು ಮನೆಯಲ್ಲಿ ಕುಳಿತು ತಿಳಿದುಕೊಳ್ಳುತ್ತಾನೆ. ಅಲ್ಲಿ ಅದು ಅಂಗಡಿಯಲ್ಲಿ ಕೊಂಡು ತರುವ ಸಾಮಾನ್ಯ ಸರಕು.

ನಮ್ಮ ದೇಶದಲ್ಲಿಯೂ ಇದೇ ಯಂತ್ರ ಸಾವಿರಾರು ಸಂಖ್ಯೆಯಲ್ಲಿ ಬಳಕೆಯಲ್ಲಿದೆ. ಆದರೆ ಇಲ್ಲಿ ಅದು ಬೇಟೆಗಾರನ ಕೈಯಲ್ಲಿಲ್ಲ, ಎಣಿಸುವವರ ಕೈಯಲ್ಲಿದೆ. ಒಂದೇ ಯಂತ್ರ ಎರಡು ನಾಡುಗಳಲ್ಲಿ ಎರಡು ದಾರಿ ಹಿಡಿದುದು ಹೇಗೆ? ನಮ್ಮ ಹೂವಿನಹಡಗಲಿ ಸೀಮೆಯ ಹೊಲಗಳಿಗೂ ಈ ಕಥೆಗೂ ಏನು ಸಂಬಂಧ? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ನಮ್ಮದೇ ಇತಿಹಾಸದ ಒಂದು ಹಳೆಯ ಋಣದ ಲೆಕ್ಕ ಎದುರಾಗುತ್ತದೆ. ಅದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಪ್ರಾಣಿಯ ವಿಷಯ. ನಮ್ಮ ಕಡೆ 'ಚಿಗರಿ' ಎಂದು ಕರೆಯುವುದು ಕೃಷ್ಣಮೃಗವನ್ನು. ಹಳಗನ್ನಡದಲ್ಲಿ ಎರಳೆ, ಪುಲ್ಲೆ ಎಂಬ ಮಾತುಗಳಿವೆ; ಹೊಸಗನ್ನಡ ಇವೆಲ್ಲವನ್ನೂ 'ಜಿಂಕೆ' ಎಂಬ ಒಂದೇ ಪದದಲ್ಲಿ ಅಡಗಿಸಿಬಿಟ್ಟಿದೆ. ಶಾಸ್ತ್ರಜ್ಞರ ಪ್ರಕಾರ ಜಿಂಕೆಯ ಕುಟುಂಬವೇ ಬೇರೆ, ಚಿಗರಿಯ ಕುಟುಂಬವೇ ಬೇರೆ. ಚುಕ್ಕೆಜಿಂಕೆ, ಕಡವೆ ಮೊದಲಾದವುಗಳ ಗಂಡಿಗೆ ಕವಲೊಡೆದ ಕೊಂಬು ಮೂಡಿ, ಆಗಾಗ ಉದುರಿ ಮತ್ತೆ ಬೆಳೆಯುತ್ತದೆ. ಚಿಗರಿಯ ಕೊಂಬು ಉದುರುವುದಿಲ್ಲ. ಹುರಿ ಹೊಸೆದಂತೆ ಸುರುಳಿ ಸುತ್ತಿಕೊಂಡು ಕಡೆಯವರೆಗೂ ಉಳಿಯುತ್ತದೆ. ಆ ಲೆಕ್ಕದಲ್ಲಿ ಅದು ಜಿಂಕೆಗಿಂತ ಆಡು, ಆಕಳುಗಳಿಗೆ ಹತ್ತಿರದ ನೆಂಟ. ಇನ್ನೊಂದು ವ್ಯತ್ಯಾಸ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು. ಚಿಗರಿ ದಟ್ಟ ಕಾಡಿನ ಪ್ರಾಣಿಯಲ್ಲ. ಅದಕ್ಕೆ ಬಯಲು ಬೇಕು, ದೂರದವರೆಗೆ ಕಣ್ಣು ಹಾಯುವ ಹುಲ್ಲುಗಾವಲು ಬೇಕು. ಅಪಾಯವನ್ನು ದೂರದಿಂದಲೇ ಕಂಡು ಓಡುವುದು ಅದರ ಬದುಕಿನ ಕ್ರಮ.

ಅಂತಹ ಬಯಲು ನಮ್ಮ ಸೀಮೆಯಲ್ಲಿ ಧಾರಾಳವಾಗಿತ್ತು. ತುಂಗಭದ್ರೆಯ ಈ ದಡದಲ್ಲಿ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಮಸಾರಿ ಮತ್ತು ಎರೆ ಭೂಮಿ. ಆ ದಡದಲ್ಲಿ ಹಾವೇರಿ, ಗದಗ ಸೀಮೆಯ ಬಯಲು. ನದಿಯಾಚೆಯ ರಾಣೆಬೆನ್ನೂರಿನ ಬಳಿ ಸುಮಾರು 119 ಚದರ ಕಿಲೋಮೀಟರ್ ಪ್ರದೇಶವನ್ನು 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಿದುದು ನಿಮಗೆ ತಿಳಿದಿರಬಹುದು. ನಕ್ಷೆಯ ಮೇಲೆ ಅಭಯಾರಣ್ಯಕ್ಕೆ ಗೆರೆ ಎಳೆಯಬಹುದು. ಆದರೆ ಗೆರೆ ಎಲ್ಲಿದೆಯೆಂದು ಚಿಗರಿಗೆ ಗೊತ್ತಿಲ್ಲ. ಮುಂಗಾರಿನಲ್ಲಿ ಹೆಸರು, ಶೇಂಗಾ, ಸಜ್ಜೆ, ಸೂರ್ಯಕಾಂತಿ ಮೊಳಕೆಯೊಡೆದು ಎರಡೆಲೆ ಬಿಟ್ಟ ಹೊತ್ತಿಗೆ ಹಿಂಡು ಹೊಲಕ್ಕಿಳಿದರೆ, ಬೆಳಗಾಗುವಷ್ಟರಲ್ಲಿ ಸಾಲಿಗೆ ಸಾಲೇ ಬೋಳು. ಎರಡನೆಯ ಸಲ ಬಿತ್ತುವುದಕ್ಕೆ ಬೀಜವೂ ಬೇಕು, ಹದವೂ ಬೇಕು. ಮಳೆಯನ್ನೇ ನಂಬಿದ ರೈತನಿಗೆ ಇವೆರಡೂ ಸುಲಭವಾಗಿ ಸಿಗುವುದಿಲ್ಲ. ಈ ಸಂಕಟ ಇಂದು ನಿನ್ನೆಯದಲ್ಲ.

ಬೆಳೆ ಮತ್ತು ಬೇಟೆಯ ಸಂಬಂಧವನ್ನು ನಮ್ಮ ಕವಿಗಳು ಬಹು ಹಿಂದೆಯೇ ಗುರುತಿಸಿದ್ದರು. ಹಂಪೆಯ ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಓದಿದವರು ನೆನಪಿಸಿಕೊಳ್ಳಿ. ರಾಜನ ಸತ್ಯವನ್ನು ಕೆಡಿಸಲು ಹೊರಟ ವಿಶ್ವಾಮಿತ್ರನು ಮೃಗಪಕ್ಷಿಗಳನ್ನು ಸೃಷ್ಟಿಸಿ ನಾಡಿನ ಬೆಳೆಯ ಮೇಲೆ ಬಿಡುತ್ತಾನೆ. ಪ್ರಜೆಗಳು ಬಂದು ರಾಜನಲ್ಲಿ ದೂರುತ್ತಾರೆ. ಹರಿಶ್ಚಂದ್ರನು ಬೇಟೆಗೆ ಹೊರಡುವುದು ಆ ದೂರನ್ನು ಕೇಳಿದ ಮೇಲೆ. ಅಂದರೆ ಕವಿಯ ದೃಷ್ಟಿಯಲ್ಲಿ ಬೇಟೆಯೆಂಬುದು ಅರಸನ ವಿನೋದ ಮಾತ್ರವಲ್ಲ, ಬೆಳೆಯನ್ನು ಕಾಯುವ ಅವನ ಕರ್ತವ್ಯವೂ ಹೌದು. ತೆರಿಗೆ ಪಡೆಯುವವನು ಬೆಳೆಯನ್ನು ಕಾಯಬೇಕು ಎಂಬ ಸರಳ ನ್ಯಾಯ ಅದರ ಹಿಂದಿದೆ. ಮುಂದೆ ಹೇಳಲಿರುವ ಮಾತಿಗೆ ಈ ಪ್ರಸಂಗ ಬುನಾದಿಯಾದುದರಿಂದ ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ವಿನೋದವಾಗಿಯೂ ಬೇಟೆ ಇತ್ತು, ಸಂದೇಹವಿಲ್ಲ. ನಮ್ಮ ಊರಿನ ಕೇಶವಸ್ವಾಮಿ ದೇವಾಲಯವನ್ನು ಸುಮಾರು 1090ರಲ್ಲಿ ಕಟ್ಟಿಸಿದವಳು ರೆಬ್ಬಲದೇವಿ; ಆಕೆಯ ಪತಿ ರವಿದೇವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಅಧಿಕಾರಿ. ಅದೇ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಸನು ಹೇಗೆ ಆಳಬೇಕು ಎಂಬುದರಿಂದ ಹಿಡಿದು ಅಡುಗೆ, ಸಂಗೀತ, ಕ್ರೀಡೆಗಳವರೆಗೆ ಎಲ್ಲವೂ ಅದರಲ್ಲಿದೆ. ಅದರ ವಿನೋದಗಳ ಭಾಗದಲ್ಲಿ ಮೃಗಬೇಟೆಯ ವಿವರಗಳಿವೆ. ಪಳಗಿಸಿದ ಚೀತಾಗಳನ್ನು ಬಿಟ್ಟು ಮೃಗಗಳನ್ನು ಹಿಡಿಸುವ ಕ್ರಮವೂ ಅದರಲ್ಲಿ ಬರುತ್ತದೆ. ಭಾರತದಲ್ಲಿ ಚೀತಾ ಬೇಟೆಯ ಬಗೆಗಿನ ಅತ್ಯಂತ ಹಳೆಯ ಉಲ್ಲೇಖವೆಂದು ವಿದ್ವಾಂಸರು ಎತ್ತಿ ತೋರಿಸುವುದು ಇದನ್ನೇ. ಚೀತಾ ಬೇಟೆಗೆ ತಕ್ಕ ಗುರಿಯೆಂದರೆ ಬಯಲಿನ ಚಿಗರಿ. ನಮ್ಮ ಸೀಮೆ ಆ ಸಾಮ್ರಾಜ್ಯದ ಒಡಲಿನಲ್ಲಿಯೇ ಇತ್ತು.

ಬೇಟೆಯ ನೆನಪನ್ನು ಕಲ್ಲಿನಲ್ಲಿ ಬರೆಸಿದ ಉದಾಹರಣೆಯೂ ಕನ್ನಡನಾಡಿನಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949-50ರ ಶಾಸನ ಕಾಳಿ ಎಂಬ ಬೇಟೆನಾಯಿಯದು. ಗಂಗರ ಬೂತುಗನಿಂದ ಮಣಲೆರನು ಬೇಡಿ ಪಡೆದ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ನಮ್ಮ ತಾಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಕಾರಣಿಕಕ್ಕೆ ಸೇರುವ ಗೊರವರ ಕರಡಿಗೂದಲಿನ ಟೊಪ್ಪಿಗೆಯನ್ನೂ ಕಂಬಳಿಯನ್ನೂ ಕಂಡಾಗಲೆಲ್ಲ, ಕುರಿ ಕಾಯುವ ಬದುಕು ಮತ್ತು ಬೇಟೆಯ ಬದುಕು ಈ ನೆಲದಲ್ಲಿ ಎಷ್ಟು ಹತ್ತಿರದಲ್ಲಿದ್ದವು ಎಂದು ನನಗೆ ಅನಿಸುವುದುಂಟು.

ಅರಸರ ಬೇಟೆ ಎಲ್ಲೋ ವರ್ಷಕ್ಕೊಮ್ಮೆ. ದಿನನಿತ್ಯದ ಕಾವಲು ರೈತನದೇ. ಹೊಲದ ನಡುವೆ ನಾಲ್ಕು ಕವೆಗೋಲು ನೆಟ್ಟು ಕಟ್ಟಿದ ಮಂಚಿಕೆ, ಕೈಯಲ್ಲಿ ಕವಣೆ, ಮಡಿಲಲ್ಲಿ ಕಲ್ಲು, ಹೊದೆಯಲು ಕಂಬಳಿ, ರಾತ್ರಿ ಕೆಳಗೆ ಒಂದು ಬೆಂಕಿ. ಜೋಳ ಹಾಲುಗಾಳಿಗೆ ಬಂದಾಗ ಹಗಲು ಹಕ್ಕಿ ಕಾಯುವುದು ಮಕ್ಕಳ ಕೆಲಸ. ಇರುಳು ಹಂದಿ ಕಾಯುವುದು ಗಂಡಸರ ಕೆಲಸ. ನನ್ನ ಪೀಳಿಗೆಯವರಲ್ಲಿ ಅನೇಕರು ಮಗ್ಗಿ ಕಲಿತದ್ದು ಮಂಚಿಕೆಯ ಮೇಲೆಯೇ. ಕಾಯುವವನಿಗೆ ನೆಲವನ್ನು ಓದುವ ವಿದ್ಯೆ ತಾನಾಗಿ ಬರುತ್ತಿತ್ತು. ಮೊಳಕೆಯ ತುದಿಯನ್ನು ಕತ್ತರಿಸಿದಂತೆ ಮೇದಿದ್ದರೆ ಚಿಗರಿ, ಶೇಂಗಾದ ಸಾಲನ್ನು ಮೂತಿಯಿಂದ ಉತ್ತಂತೆ ಕೆದರಿದ್ದರೆ ಹಂದಿ, ಮೊನಚಾದ ಜೋಡಿ ಗೊರಸಿನ ಗುರುತಿದ್ದರೆ ಯಾವುದು, ಒಂದೇ ಜಾಗದಲ್ಲಿ ಹಿಕ್ಕೆಯ ಗುಪ್ಪೆ ಬಿದ್ದಿದ್ದರೆ ಯಾವುದು ಎಂದು ಹೇಳಬಲ್ಲ ಹಿರಿಯರು ಪ್ರತಿ ಊರಲ್ಲಿಯೂ ಇದ್ದರು. ಇಂದಿನ ಟ್ರೇಲ್ ಕ್ಯಾಮೆರಾ ಮಾಡುವ ಕೆಲಸವನ್ನು ಅಂದು ಅವರ ಕಣ್ಣು ಮಾಡುತ್ತಿತ್ತು.

ಆ ವಿದ್ಯೆಯನ್ನು ಇನ್ನೂ ಸೂಕ್ಷ್ಮವಾಗಿ ಬಲ್ಲವರು ಬೇಟೆಯನ್ನೇ ಕುಲವೃತ್ತಿಯಾಗಿ ಮಾಡಿಕೊಂಡಿದ್ದವರು. ಉತ್ತರ ಕರ್ನಾಟಕದ ಹರಣಶಿಕಾರಿ ಸಮುದಾಯದ ಹೆಸರಿನಲ್ಲಿಯೇ ಮೃಗವಿದೆ. 'ಹರಣ' ಎಂದರೆ ಜಿಂಕೆ. ಉರುಳು, ಬಲೆಗಳನ್ನು ಒಡ್ಡುವುದರಲ್ಲಿಯೂ, ಪಳಗಿಸಿದ ಎತ್ತಿನ ಮರೆಯಲ್ಲಿ ನಡೆದು ಹಿಂಡಿನ ಸಮೀಪಕ್ಕೆ ಹೋಗುವುದರಲ್ಲಿಯೂ ಈ ಬಗೆಯ ಬೇಟೆಗಾರ ಸಮುದಾಯಗಳವರು ನಿಪುಣರು. ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದು, ಅಲೆಮಾರಿಗಳಾದ ಇಂತಹ ಅನೇಕ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. ಸ್ವತಂತ್ರ ಭಾರತ ಆ ಕಾಯಿದೆಯನ್ನು 1952ರಲ್ಲಿ ತೆಗೆದುಹಾಕಿದರೂ ಹಣೆಪಟ್ಟಿಯ ಕಲೆ ಬೇಗನೆ ಅಳಿಯಲಿಲ್ಲ. ದೊರೆಗಳ ಬೇಟೆ ಕ್ರೀಡೆಯೆನಿಸಿಕೊಂಡಿತು, ಬಡವನ ಬೇಟೆ ಕಳ್ಳತನವೆನಿಸಿಕೊಂಡಿತು. ಇತಿಹಾಸವನ್ನು ಓದುವವರು ಈ ಭೇದವನ್ನು ಮರೆಯಬಾರದು.

1800ರಲ್ಲಿ ನಿಜಾಮನಿಂದ ಬಳ್ಳಾರಿ ಸೀಮೆ ಕಂಪನಿ ಸರ್ಕಾರಕ್ಕೆ ಸೇರಿತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ನಾವು ಮದರಾಸಿನವರು. ಈ ಒಂದೂವರೆ ಶತಮಾನದಲ್ಲಿ ಬಂದೂಕು ಬಂತು, ಕಡೆಕಡೆಗೆ ಜೀಪು ಬಂತು, ಜೀಪಿನ ದೀಪ ಬಂತು. ಬಂದೂಕಿಗಿಂತಲೂ ಹೆಚ್ಚಿನ ಹಾನಿ ಮಾಡಿದ್ದು ನೆಲದ ಬಗೆಗಿನ ಹೊಸ ಲೆಕ್ಕ. ಹುಲ್ಲುಗಾವಲಿನಿಂದ ಕಂದಾಯ ಹುಟ್ಟುವುದಿಲ್ಲವಾದ್ದರಿಂದ ಅದು ದಫ್ತರದಲ್ಲಿ 'ಬಂಜರು' ಎನಿಸಿಕೊಂಡಿತು. ಬಂಜರೆಂದ ಮೇಲೆ ಅದನ್ನು ಉಳುವುದೂ ಒಳ್ಳೆಯ ಕೆಲಸ, ಅದರಲ್ಲಿ ನೀಲಗಿರಿ ನೆಡುವುದೂ ಒಳ್ಳೆಯ ಕೆಲಸ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರದೇಶದಿಂದ ಭಾರತಕ್ಕೆ ಬಂದ ಒಂದು ಮುಳ್ಳುಗಿಡ ಇಂದು ಕನ್ನಡದಲ್ಲಿ ನಮ್ಮ ಹಿಂದಿನ ಜಿಲ್ಲೆಯ ಹೆಸರನ್ನೇ ಹೊತ್ತು 'ಬಳ್ಳಾರಿ ಜಾಲಿ' ಎನಿಸಿಕೊಂಡು ಬಯಲುಗಳನ್ನು ನುಂಗುತ್ತಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದಾಗ ನದೀತೀರದ ಅನೇಕ ಹಳ್ಳಿಗಳು ಮುಳುಗಿದವು. ಬಯಲು ಹೀಗೆ ಎಲ್ಲ ಕಡೆಯಿಂದ ಕುಗ್ಗಿದಾಗ ಚಿಗರಿಗೆ ಉಳಿದ ಬಯಲೆಂದರೆ ನಮ್ಮ ಹೊಲವೇ. ಅದನ್ನು ಬೆನ್ನಟ್ಟುತ್ತಿದ್ದ ಚೀತಾ ಮೊದಲೇ ವಿರಳವಾಗಿತ್ತು. 1947ರಲ್ಲಿ ಮಧ್ಯ ಭಾರತದ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾಗಳನ್ನು ಕೊಂದ ಮೇಲೆ ಭಾರತದಲ್ಲಿ ಅದರ ಕಥೆ ಮುಗಿಯಿತು. 1952ರಲ್ಲಿ ಅದು ದೇಶದಲ್ಲಿ ನಿರ್ನಾಮವಾಯಿತೆಂದು ಸಾರಲಾಯಿತು. 2022ರಲ್ಲಿ ಆಫ್ರಿಕಾದಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟದ್ದು ಬೇರೆಯ ಅಧ್ಯಾಯ.

ಜೀಪಿನ ದೀಪದ ಮಾತು ಬಂದುದರಿಂದ ಈಗ ಕಥೆಯನ್ನು ಸ್ವಲ್ಪ ಕಾಲ ಅಮೆರಿಕಕ್ಕೆ ಕೊಂಡೊಯ್ಯಬೇಕಾಗಿದೆ. ಕ್ಯಾಮೆರಾ ಹುಟ್ಟಿದ್ದು ಅಂತಹದೇ ಒಂದು ದೀಪದ ಬೇಟೆಯಿಂದ. ಇರುಳಿನಲ್ಲಿ ಕಣ್ಣಿಗೆ ಪ್ರಖರ ಬೆಳಕು ಬಿದ್ದರೆ ಮೃಗ ಓಡುವುದನ್ನು ಮರೆತು ನಿಂತುಬಿಡುತ್ತದೆ. ನಮ್ಮ ಹಳ್ಳಿಗಳಲ್ಲಿ ಬ್ಯಾಟರಿ ಹಿಡಿದು ಮೊಲ ಹೊಡೆಯುತ್ತಿದ್ದವರಿಗೆ ತಿಳಿದಿದ್ದ ಈ ಗುಟ್ಟನ್ನು ಉತ್ತರ ಅಮೆರಿಕದ ಮೂಲನಿವಾಸಿಗಳಾದ ಒಜಿಬ್ವೆ ಜನರೂ ಬಲ್ಲವರಾಗಿದ್ದರು. ದೋಣಿಯ ಮೂತಿಯಲ್ಲಿ ಬೆಂಕಿ ಇಟ್ಟುಕೊಂಡು, ಕೆರೆಯ ದಂಡೆಗೆ ನೀರು ಕುಡಿಯಲು ಬಂದ ಜಿಂಕೆಯ ಸಮೀಪಕ್ಕೆ ಅವರು ಸದ್ದಿಲ್ಲದೆ ಹೋಗುತ್ತಿದ್ದರು. ಮಿಷಿಗನ್ ಸೀಮೆಯಲ್ಲಿ ಈ ವಿದ್ಯೆ ಕಲಿತ ಜಾರ್ಜ್ ಶಿರಾಸ್ ಎಂಬ ವಕೀಲನು (1859-1942) ಬಂದೂಕಿನ ಜಾಗದಲ್ಲಿ ಕ್ಯಾಮೆರಾವನ್ನೂ ಬೆಂಕಿಯ ಜೊತೆಗೆ ಮಿಂಚುಪುಡಿಯನ್ನೂ ಇಟ್ಟನು. 1890ರ ದಶಕದಲ್ಲಿ ಇರುಳಿನ ಜಿಂಕೆಯ ಚಿತ್ರಗಳು ಹೀಗೆ ಸಿದ್ಧವಾದವು. ಅಲ್ಲಿಗೇ ನಿಲ್ಲದೆ, ಮೃಗದ ಕಾಲಿಗೆ ದಾರ ತಗುಲಿದರೆ ತಾನಾಗಿ ಚಿತ್ರ ತೆಗೆಯುವ ಏರ್ಪಾಟನ್ನೂ ಅವನು ಮಾಡಿದನು. ಅವನ ಚಿತ್ರಗಳಿಗೆ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ ದೊರೆಯಿತು. 1906ರ ಜುಲೈ ತಿಂಗಳ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ ಅವನ 74 ಚಿತ್ರಗಳನ್ನು ಅಚ್ಚುಮಾಡಿದಾಗ, ಗಂಭೀರ ಪತ್ರಿಕೆ ಚಿತ್ರಪುಸ್ತಕವಾಗುತ್ತಿದೆ ಎಂದು ಮುನಿದು ಮಂಡಳಿಯ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರಂತೆ!

ಅದೇ ದಾರದ ಉಪಾಯವನ್ನು ಭಾರತದಲ್ಲಿ ಬಳಸಿದವನು ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್. ಹುಲಿಯನ್ನು ಕೊಲ್ಲುವುದೇ ದೊಡ್ಡಸ್ತಿಕೆಯೆನಿಸಿದ್ದ ಕಾಲದಲ್ಲಿ ಅವನು ಹುಲಿಯ ದಾರಿಗೆ ದಾರ ಕಟ್ಟಿ, ಹುಲಿಯಿಂದಲೇ ಅದರ ಚಿತ್ರ ತೆಗೆಯಿಸಿದನು. ಆ ಅನುಭವಗಳ ಪುಸ್ತಕವನ್ನು 1927ರಲ್ಲಿ ಪ್ರಕಟಿಸಿದನು. ಹೀಗೆ ಈ ಯಂತ್ರದ ಜನನ ಬೇಟೆಯ ಮಡಿಲಲ್ಲಿ. ಅದರ ಮೊದಲ ಉದ್ದೇಶ ಬೇಟೆಯನ್ನು ಬಿಡುವುದು. ಬೇಟೆಗಾರನ ಜಾಣ್ಮೆಯೆಲ್ಲ ಇರಲಿ, ಕಡೆಯ ಗುಂಡು ಮಾತ್ರ ಬೇಡ ಎಂಬುದು ಶಿರಾಸನ ನಿಲುವಾಗಿತ್ತು.

ವಿಚಿತ್ರವೆಂದರೆ ಅಮೆರಿಕದಲ್ಲಿ ಅದು ಕಾಲಕ್ರಮದಲ್ಲಿ ಮತ್ತೆ ಬೇಟೆಗಾರನ ಕೈಗೇ ಮರಳಿತು. ದಾರದ ಜಾಗದಲ್ಲಿ ಶಾಖವನ್ನು ಗುರುತಿಸುವ ಸಂವೇದಕ, ಮಿಂಚುಪುಡಿಯ ಜಾಗದಲ್ಲಿ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು, ಕಡೆಗೆ ತೆಗೆದ ಚಿತ್ರವನ್ನು ಕ್ಷಣಮಾತ್ರದಲ್ಲಿ ಮೊಬೈಲಿಗೆ ಕಳುಹಿಸುವ ಸೌಲಭ್ಯ. ಇಷ್ಟಾದ ಮೇಲೆ ಅಲ್ಲಿಯ ಬೇಟೆಗಾರರಲ್ಲಿಯೇ ಪ್ರಶ್ನೆ ಎದ್ದಿತು: ಮೃಗ ಇರುವ ತಾಣವನ್ನು ಯಂತ್ರವೇ ಹೇಳಿಬಿಟ್ಟರೆ ಅದನ್ನು ಬೇಟೆ ಎನ್ನಬಹುದೇ? ಮೃಗಕ್ಕೆ ತಪ್ಪಿಸಿಕೊಳ್ಳುವ ಅವಕಾಶವಿರಬೇಕು ಎಂಬುದು ಅವರ ಹಳೆಯ ನೀತಿ. ಅರಿಜೋನಾ ರಾಜ್ಯ 2022ರ ಜನವರಿ 1ರಿಂದ ಬೇಟೆಗೆ ನೆರವಾಗುವಂತೆ ಟ್ರೇಲ್ ಕ್ಯಾಮೆರಾ ಬಳಸುವುದನ್ನು ನಿಷೇಧಿಸಿತು.

ಈ ಕಥೆಯಲ್ಲಿ ನಮ್ಮ ಚಿಗರಿಗೂ ಒಂದು ಪಾತ್ರವಿದೆ. 1932ರಲ್ಲಿ ಕೃಷ್ಣಮೃಗಗಳನ್ನು ಟೆಕ್ಸಾಸ್ ರಾಜ್ಯಕ್ಕೆ ಕೊಂಡೊಯ್ದು ಬಿಟ್ಟರು. ಅಲ್ಲಿಯ ಒಣ ಹವೆ, ಬಯಲು ಎರಡೂ ಅವುಗಳಿಗೆ ಹಿಡಿಸಿದವು. ಇಂದು ಅಲ್ಲಿಯ ಖಾಸಗಿ ರ‍್ಯಾಂಚುಗಳಲ್ಲಿ ಹಣ ಕೊಟ್ಟವರು ಅವನ್ನು ಬೇಟೆಯಾಡಬಹುದು. ಅದು ಕಾನೂನಿಗೆ ಒಪ್ಪಿತವಾದ ವ್ಯವಹಾರ. ತಾಯ್ನಾಡಿನಲ್ಲಿ ಪರಮ ರಕ್ಷಣೆ ಪಡೆದ ಪ್ರಾಣಿ ಪರದೇಶದಲ್ಲಿ ಬೆಲೆಪಟ್ಟಿಯ ಮೇಲಿರುವುದನ್ನು ನೋಡಿದರೆ, ಪ್ರಾಣಿಯ ಅದೃಷ್ಟ ಅದು ಹುಟ್ಟಿದ ಜಾತಿಗಿಂತ ನಿಂತ ನೆಲದ ಕಾನೂನನ್ನು ಅವಲಂಬಿಸಿದೆ ಎನ್ನಬೇಕಾಗುತ್ತದೆ.

ನಮ್ಮ ನೆಲದ ಕಾನೂನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಮೊದಲಲ್ಲಿ ಅದರಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಕೃಷ್ಣಮೃಗ ಒಂದನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದವರಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸ. ಕಾಯಿದೆಯಲ್ಲಿ 'ಬೇಟೆ' ಎಂಬ ಮಾತಿನ ಅರ್ಥ ಕೊಲ್ಲುವುದಕ್ಕೆ ಮಾತ್ರ ಸೀಮಿತವಲ್ಲ. ಉರುಳು ಒಡ್ಡುವುದು, ಆಮಿಷ ಹಾಕಿ ಕರೆಯುವುದು, ಅಟ್ಟಿಸುವುದು, ಅಂತಹ ಪ್ರಯತ್ನ ಮಾಡುವುದು ಕೂಡ ಬೇಟೆಯೇ. ಬೆಳೆಗೆ ಹಾನಿ ಮಾಡುವ ಕೆಲವು ಪ್ರಾಣಿಗಳ ಬಗ್ಗೆ ಅಧಿಕಾರಿಗಳು ಲಿಖಿತ ಅನುಮತಿ ಕೊಡುವ ಅವಕಾಶ ಕಾಯಿದೆಯಲ್ಲಿದ್ದರೂ, ಒಂದನೆಯ ಅನುಸೂಚಿಯ ಪ್ರಾಣಿಗೆ ಅದು ಅನ್ವಯಿಸದು. ಅಂತಹ ಪ್ರಾಣಿ ಮನುಷ್ಯನ ಪ್ರಾಣಕ್ಕೆ ಅಪಾಯವಾಗಿರಬೇಕು, ಇಲ್ಲವೇ ವಾಸಿಯಾಗದಷ್ಟು ರೋಗ ಅಥವಾ ಊನದಿಂದ ನರಳುತ್ತಿರಬೇಕು. ಆದುದರಿಂದ ಹೊಲ ಮೇದಿತೆಂದು ಚಿಗರಿಯನ್ನು ಕೊಲ್ಲುವ ದಾರಿ ಯಾರಿಗೂ ಇಲ್ಲ.

ಬೇಟೆಯ ಬಾಗಿಲು ಮುಚ್ಚಿದ ಇದೇ ಕಾಲದಲ್ಲಿ ಕರ್ನಾಟಕದಲ್ಲಿ ಕ್ಯಾಮೆರಾ ಬೇರೊಂದು ಕೆಲಸಕ್ಕೆ ನಿಂತಿತು. 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಕಾಡಿನ ದಾರಿಗಳಲ್ಲಿ ಇಂತಹ ಕ್ಯಾಮೆರಾಗಳನ್ನು ಇಟ್ಟು, ಹುಲಿಯ ಮೈಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ, ಸಂಖ್ಯಾಶಾಸ್ತ್ರದ ನೆರವಿನಿಂದ ಎಣಿಕೆ ಮಾಡುವ ಕ್ರಮವನ್ನು ತೋರಿಸಿಕೊಟ್ಟರು. ಶಿವರಾಮ ಕಾರಂತರ ಸುಪುತ್ರರಾದ ಅವರು ಓದಿದ್ದು ಎಂಜಿನಿಯರಿಂಗ್ ಎಂಬುದು ನನ್ನ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾಗಳನ್ನಿಟ್ಟು ಸುಮಾರು 3 ಕೋಟಿ 48 ಲಕ್ಷ ಚಿತ್ರಗಳನ್ನು ತೆಗೆಯಲಾಯಿತು. ಅದು ಗಿನ್ನೆಸ್ ದಾಖಲೆಯಾಯಿತು. ಅಮೆರಿಕದಲ್ಲಿ ಬಂದೂಕಿಗೆ ದಾರಿ ತೋರಿಸಿದ ಯಂತ್ರ ಇಲ್ಲಿ ಸರ್ಕಾರದ ಲೆಕ್ಕಪುಸ್ತಕಕ್ಕೆ ಸಾಕ್ಷಿಯಾಯಿತು.

ಇಲ್ಲಿಯವರೆಗಿನದು ಸಂತೋಷದ ಇತಿಹಾಸ. ಆದರೆ ಒಂದು ಮಾತನ್ನು ಕೇಳಲೇಬೇಕು. ಕಾಡಿನೊಳಗೆ ಹುಲಿಯ ಒಂದೊಂದು ಹೆಜ್ಜೆಗೂ ಲೆಕ್ಕವಿದೆ. ಹೊಲದೊಳಗೆ ರೈತ ಕಳೆದುಕೊಂಡ ಒಂದೊಂದು ಸಾಲಿಗೆ ಲೆಕ್ಕ ಎಲ್ಲಿದೆ? ಹರಿಶ್ಚಂದ್ರನ ಕಥೆಯನ್ನು ನೆನಪಿಸಿಕೊಳ್ಳಿ ಎಂದಿದ್ದೆನಲ್ಲವೇ? ಅರಸನ ಬೇಟೆಯ ಹಕ್ಕಿನ ಹಿಂದೆ ಬೆಳೆ ಕಾಯುವ ಋಣವಿತ್ತು. ಬೇಟೆಯ ಹಕ್ಕನ್ನು ಕಾನೂನು ತೆಗೆದುಹಾಕಿದ್ದು ಸರಿಯೇ ಆಯಿತು. ಇಲ್ಲದಿದ್ದರೆ ಚೀತಾ ಹೋದ ದಾರಿಯಲ್ಲಿ ಚಿಗರಿಯೂ ಹೋಗುತ್ತಿತ್ತು. ಆದರೆ ಹಕ್ಕು ಹೋದರೂ ಋಣ ಹೋಗಲಿಲ್ಲ. ಚಿಗರಿಯನ್ನು ದೇಶದ ಸೊತ್ತೆಂದು ಸಾರಿದ ಮೇಲೆ ಅದರ ಮೇವಿನ ಖರ್ಚು ಐದೆಕರೆ ಮಸಾರಿಯವನ ತಲೆಯ ಮೇಲೊಂದೇ ಬೀಳುವುದು ನ್ಯಾಯವಲ್ಲ.

ಸರ್ಕಾರ ಇದನ್ನು ಒಪ್ಪಿಲ್ಲವೆಂದಲ್ಲ. ವನ್ಯಪ್ರಾಣಿಗಳಿಂದಾಗುವ ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ದಯಾತ್ಮಕ ಧನ ಕೊಡುವ ವ್ಯವಸ್ಥೆ ಇದೆ. ಆ ಹೆಸರನ್ನು ಗಮನಿಸಿ. ದಯೆಯಿಂದ ಕೊಡುವ ಹಣವೆಂದು ಅದರ ಅರ್ಥ. ಋಣವನ್ನು ತೀರಿಸುವ ಹಣವೆಂದಲ್ಲ. ಇನ್ನು ಅರ್ಜಿ ಹಾಕಿದವನು ತನ್ನ ಹಾನಿಯನ್ನು ತೋರಿಸಿಕೊಡಬೇಕು. ಹೊಲ ಮೇದದ್ದು ಚಿಗರಿಯೇ, ಹಂದಿಯೇ, ನೆರೆಯವರ ದನವೇ ಎಂದು ಕೇಳಿದರೆ ರೈತ ಏನು ತೋರಿಸಬೇಕು? ಎರಡು ದಿನ ಬಿಟ್ಟು ಮಳೆ ಬಿದ್ದರೆ ಗೊರಸಿನ ಗುರುತೂ ಇರುವುದಿಲ್ಲ. ಮಂಚಿಕೆಯ ಮೇಲಿನ ಹಿರಿಯರ ಕಣ್ಣು ಬಲ್ಲದ್ದು ಕಚೇರಿಯ ಕಾಗದದಲ್ಲಿ ನಿಲ್ಲುವುದಿಲ್ಲ.

ಹೊಲದ ಬದುವಿಗೆ ಕಟ್ಟಿದ ಕ್ಯಾಮೆರಾ ನಮ್ಮ ಸೀಮೆಗೆ ಒದಗಬಹುದಾದದ್ದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಚಿತ್ರದ ಮೂಲೆಯಲ್ಲಿ ದಿನಾಂಕ, ಹೊತ್ತು ಎರಡೂ ಮೂಡುತ್ತವೆ. ಪ್ರಾಣಿ ಯಾವುದೆಂದು ಕಾಣುತ್ತದೆ. ಊರಿಗೆ ಎರಡು ಮೂರು ಪೆಟ್ಟಿಗೆಗಳನ್ನು ಪಂಚಾಯಿತಿಯೋ ಇಲಾಖೆಯೋ ಕೊಂಡು, ಬಿತ್ತನೆಯಾದ ಮೊದಲ ತಿಂಗಳು ಹಾನಿ ಹೆಚ್ಚಿರುವ ಹೊಲಗಳಿಗೆ ಸರದಿಯಂತೆ ಕೊಟ್ಟರೆ ಸಾಕಷ್ಟು ವಿವಾದ ತಪ್ಪೀತು. ಹಿಂಡು ಹೊಲಕ್ಕಿಳಿಯುವ ಹೊತ್ತು ತಿಳಿದರೆ ಆ ಹೊತ್ತಿಗೇ ಕಾವಲು ಕೂಡಬಹುದು, ಇರುಳೆಲ್ಲ ನಿದ್ದೆಗೆಡಬೇಕಾಗಿಲ್ಲ. ಹಾನಿ ಮಾಡಿದ್ದು ಹಂದಿಯೆಂದು ತಿಳಿದರೆ ಚಿಗರಿಯ ಮೇಲಿನ ಸಿಟ್ಟಾದರೂ ಇಳಿಯುತ್ತದೆ. ಅನುಮಾನದ ಮೇಲೆ ಉರುಳು ಒಡ್ಡುವುದು, ತಂತಿಬೇಲಿಗೆ ನೇರವಾಗಿ ಕರೆಂಟು ಕೊಡುವುದು ಇವು ಪ್ರಾಣಿಗಳ ಜೊತೆಗೆ ಮನುಷ್ಯರನ್ನೂ ಕೊಂದಿವೆ. ಇವೆರಡೂ ಅಪರಾಧವೆಂಬುದನ್ನು ಊರಿನಲ್ಲಿರುವ ನನ್ನ ವಿದ್ಯಾರ್ಥಿಗಳು ತಮ್ಮ ಮನೆಯವರಿಗೆ ತಿಳಿಸಿ ಹೇಳಬೇಕು.

ಯಂತ್ರದ ಮಿತಿಗಳನ್ನೂ ಹೇಳದಿದ್ದರೆ ಪಾಠ ಅಪೂರ್ಣವಾದೀತು. ಅದರ ಸಂವೇದಕ ಪ್ರಾಣಿಯ ಮೈಶಾಖಕ್ಕೂ ಸುತ್ತಲಿನ ಶಾಖಕ್ಕೂ ಇರುವ ವ್ಯತ್ಯಾಸ ತನ್ನ ಮುಂದೆ ಸರಿದಾಡುವುದನ್ನು ಹಿಡಿಯುತ್ತದೆ. ನಮ್ಮ ಏಪ್ರಿಲ್-ಮೇ ತಿಂಗಳ ಹಗಲಿನಲ್ಲಿ ಗಾಳಿಯೇ ಮೈಯಷ್ಟು ಬಿಸಿಯಾಗಿರುವಾಗ ಅದು ಮಂಕಾಗುತ್ತದೆ. ಬಿಸಿಲಿಗೆ ಕಾದ ಜೋಳದ ಎಲೆ ಗಾಳಿಗೆ ಅಲ್ಲಾಡಿದರೂ ಪ್ರಾಣಿಯೆಂದು ಭ್ರಮಿಸಿ ನೂರಾರು ಚಿತ್ರ ತೆಗೆದುಬಿಡುತ್ತದೆ. ಆದುದರಿಂದ ಪೈರಿನ ನಡುವೆ ಇಡದೆ, ಬದುವಿನ ಮೇಲೆ ಪ್ರಾಣಿ ದಾಟುವ ಕಿಂಡಿಯ ಪಕ್ಕದಲ್ಲಿ, ಮೊಣಕಾಲಿಗೂ ಸೊಂಟಕ್ಕೂ ನಡುವಿನ ಎತ್ತರದಲ್ಲಿ, ಹುಟ್ಟುವ ಮುಳುಗುವ ಸೂರ್ಯನಿಗೆ ಎದುರಾಗದಂತೆ ಉತ್ತರಕ್ಕೋ ದಕ್ಷಿಣಕ್ಕೋ ಮುಖಮಾಡಿ ಕಟ್ಟಬೇಕು. ಹುಲಿಯಂತೆ ಚಿಗರಿಗೆ ಮೈಪಟ್ಟೆ ಇಲ್ಲದಿರುವುದರಿಂದ, ಹತ್ತು ಚಿತ್ರಗಳಲ್ಲಿರುವುದು ಹತ್ತು ಚಿಗರಿಯೋ ಹತ್ತು ಸಲ ಬಂದ ಒಂದೇ ಚಿಗರಿಯೋ ಹೇಳುವುದು ಕಷ್ಟ. ಬಯಲಿನಲ್ಲಿ ಹಿಂಡನ್ನು ಎಣಿಸಲು ಹಗಲಿನಲ್ಲಿ ಕಣ್ಣಿನಿಂದ ನೋಡಿ ಲೆಕ್ಕ ಹಾಕುವುದೇ ಮೇಲು.

ಇನ್ನೊಂದು ಎಚ್ಚರ ಇದಕ್ಕಿಂತ ದೊಡ್ಡದು. ಹೊಲದಲ್ಲಿ ಓಡಾಡುವುದು ಪ್ರಾಣಿಗಳು ಮಾತ್ರವಲ್ಲ. ನಸುಕಿನಲ್ಲಿ ಬಹಿರ್ದೆಸೆಗೆ ಹೋಗುವವರು, ಕಟ್ಟಿಗೆ ಮೇವಿಗೆ ಬರುವ ಹೆಣ್ಣುಮಕ್ಕಳು, ಹಗರಣವಿಲ್ಲದೆ ತಮ್ಮ ಪಾಡಿಗೆ ಕುಳಿತು ಮಾತನಾಡುವವರು ಎಲ್ಲರೂ ಅದರ ಕಣ್ಣಿಗೆ ಬೀಳುತ್ತಾರೆ. ಉತ್ತರಾಖಂಡದ ಕಾರ್ಬೆಟ್ ಪ್ರದೇಶದಲ್ಲಿ ಪ್ರಾಣಿಗಳಿಗೆಂದು ಇಟ್ಟ ಕ್ಯಾಮೆರಾಗಳು ಕಾಡಿಗೆ ಹೋಗುವ ಹೆಂಗಸರ ಬದುಕಿಗೆ ಹೇಗೆ ಕಾಟವಾದವು ಎಂಬುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿವರಿಸಿದ್ದಾರೆ. ಹಾಗಾಗಿ ಕ್ಯಾಮೆರಾ ಎಲ್ಲಿದೆಯೆಂದು ಊರಿಗೆಲ್ಲ ತಿಳಿದಿರಬೇಕು. ಮನುಷ್ಯರ ಚಿತ್ರ ಬಿದ್ದರೆ ಅಳಿಸುವ ಕಟ್ಟಳೆ ಇರಬೇಕು. ಚಿತ್ರಗಳು ಯಾರ ಬಳಿ ಇರಬೇಕು ಎಂಬುದನ್ನು ಊರೇ ನಿಶ್ಚಯಿಸಬೇಕು. ಪ್ರಾಣಿ ಎಲ್ಲಿ ಓಡಾಡುತ್ತದೆ ಎಂಬ ಸುದ್ದಿ ಬಂದೂಕಿನವನ ಕೈಸೇರದಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯ.

ಒಂಬೈನೂರು ವರ್ಷಗಳ ಈ ಕಥೆಯನ್ನು ಒಟ್ಟಾಗಿ ನೋಡಿದಾಗ ನನಗೆ ಕಾಣುವುದಿಷ್ಟು. ಸೋಮೇಶ್ವರನ ಚೀತಾ, ಹರಣಶಿಕಾರಿಯ ಉರುಳು, ದೊರೆಯ ಬಂದೂಕು, ಶಿರಾಸನ ಮಿಂಚುಪುಡಿ ಇವೆಲ್ಲವೂ ಮೃಗ ಎಲ್ಲಿದೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕಿದವು. ಉತ್ತರ ಸಿಕ್ಕ ಮೇಲೆ ಏನು ಮಾಡಬೇಕೆಂಬುದನ್ನು ಯಂತ್ರ ಹೇಳಲಾರದು. ಅದನ್ನು ಹೇಳಬೇಕಾದದ್ದು ನಾಡಿನ ನೀತಿ. ಕೊಲ್ಲಬಾರದೆಂದು ನಮ್ಮ ನಾಡು ನಿಶ್ಚಯಿಸಿ ಅರ್ಧ ಶತಮಾನ ದಾಟಿದೆ. ಕೊಲ್ಲದೆ ಕಾಯುವುದಕ್ಕೆ ತಗಲುವ ವೆಚ್ಚವನ್ನು ಹಂಚಿಕೊಳ್ಳುವ ನಿಶ್ಚಯ ಇನ್ನೂ ಪೂರ್ತಿಯಾಗಿಲ್ಲ. ಅದು ಪೂರ್ತಿಯಾದ ದಿನ ದಯಾತ್ಮಕ ಧನಕ್ಕೆ ಬೇರೆ ಹೆಸರು ಬಂದೀತು; ಚಿಗರಿಯ ಹಿಂಡು ಬದು ದಾಟಿದಾಗ ರೈತನ ಎದೆ ಇಂದಿನಂತೆ ಹೊಡೆದುಕೊಳ್ಳಲಾರದು.

ನಿಮ್ಮ ಊರುಗಳಲ್ಲಿ ಮಂಚಿಕೆಯ ಕಾವಲನ್ನು ಕಂಡ ಹಿರಿಯರು ಇನ್ನೂ ಇದ್ದರೆ, ಅವರಿಂದ ಹೆಜ್ಜೆಗುರುತಿನ ವಿದ್ಯೆಯನ್ನು ಕೇಳಿ ಬರೆದಿಡಿ. ಚಿಗರಿಗೆ ನಿಮ್ಮ ಕಡೆ ಬೇರೆ ಹೆಸರುಗಳಿದ್ದರೆ ನನಗೂ ತಿಳಿಸಿ.